ಕೋಳಿ ಕಥೆಗೆ ಹೂಂ ಅಂದವರು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಇಸವಿ ಕೇಳಬೇಡಿ, ನನಗೆ ಗೊತ್ತಿಲ್ಲ. ಅಕ್ಕಿಗೆ ರೇಷನ್ ಬಂದಿತ್ತು, ನಾನಿನ್ನೂ ಲಂಗ ಉಡುವ ಹುಡುಗಿ. ಕೆ.ಜಿ.ಎಫ್.ನ ಊರಿಗಾಂ ಲೈನಿನಲ್ಲಿ, ಗಣಿಯವರ ಸಾಲುಮನೆಗಳಲ್ಲಿ, ನಮ್ಮ ಮನೆ. ಪಕ್ಕದ ಮನೆ ಮುನಿಲಕ್ಷ್ಮಿಯದು. ನಮ್ಮಪ್ಪ, ಅವರಪ್ಪ ಇಬ್ಬರೂ ಗಣಿಗೆ ಇಳಿಯುವವರು. ಮುನಿಲಕ್ಷ್ಮಿ ನನಗಿಂತ ದೊಡ್ಡವಳು. ಮುಂದೆ ನಾಟಕಗಳಲ್ಲಿ ಪಾರ್ಟು ಮಾಡಿದಳು, ಕಾದಂಬರಿ ಬರೆದಳು. ಪುಸ್ತಕದ ಮೇಲಿರುವ ಹೆಸರು ಬೇರೆ. ನನಗೆ ಅವಳು ಮುನಿಲಕ್ಷ್ಮಿಯೇ.

ಆಗಲೇ ಅವಳಿಗೆ ಕಥೆಯ ಹುಚ್ಚು. ಬೇತಮಂಗಲದ ನೀರು ನಲ್ಲಿಗೆ ಬರುವವರೆಗೆ ಕೊಡವನ್ನು ಸಾಲಿನಲ್ಲಿಟ್ಟು ಕಥೆ ಹೇಳುತ್ತಿದ್ದಳು. ಮುದುಕಿಯ ಮಾತು ತೆಲುಗಿನಲ್ಲಿ, ಪೊಲೀಸಿನವನದು ತಮಿಳಿನಲ್ಲಿ, ಉಳಿದದ್ದು ಕನ್ನಡದಲ್ಲಿ. ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಎದ್ದು ಆಡಿ ತೋರಿಸುತ್ತಿದ್ದಳು. ಆದರೆ ಯಾರಾದರೂ ಹೂಂ, ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಆ ಕೆಲಸ ನನ್ನದು. ನನಗೆ ಬೇರೆ ವಿದ್ಯೆಯೂ ಬರುತ್ತಿರಲಿಲ್ಲ.

ಒಂದು ದಿನ ನಲ್ಲಿಯ ಹತ್ತಿರ ಅವಳ ಮುಖ ಊದಿಕೊಂಡಿತ್ತು.

"ನಾಳೆ ಬಂಗಾರಪೇಟೆ ಕಡೆಯೋರು ನನ್ನ ನೋಡಕ್ಕೆ ಬತ್ತಾರೆ ಕಣೇ ಎಂಕಟಿ. ಒಪ್ಪಿದ್ರೆ ಅಲ್ಲೇ ತಾಂಬೂಲ ಬದಲಾಯಿಸ್ತಾರಂತೆ. ಪರೀಕ್ಷೆಗೆ ಕೂರಂಗಿಲ್ಲ, ಇಸ್ಕೂಲು ಬುಡು ಅಂದ್ರು ಅಪ್ಪ."

"ಅಳು ಮತ್ತೆ," ಅಂದೆ.

"ಅತ್ರೆ ಯಾರು ಕೇಳ್ತಾರೆ? ಹನ್ನೆರಡಕ್ಕೆ ರಾಹುಕಾಲ, ಆಮೇಲೆ ತಾಂಬೂಲ ಮುಟ್ಟಕ್ಕಿಲ್ಲ, ರೈಲಿಗೆ ಒಂಟೋಯ್ತಾರೆ. ಅದು ಬರೋಗಂಟ ನಾನು ಕಥೆ ಏಳ್ತೀನಿ. ನೀನು ಹೂಂ ಅಂತಿರು. ನಿಲ್ಲಿಸಿದ್ಯೋ, ನನ್ನ ಕಥೆ ಮುಗೀತು."

ಮಾರನೇ ದಿನ ಬುಧವಾರ. ಹುಡುಗನ ಅಪ್ಪ, ಅಮ್ಮ ಬೆಳಗಿನ ರೈಲಿಗೆ ಬಂದರು. ಹುಡುಗ ಬಂದಿರಲಿಲ್ಲ, ಅವನನ್ನು ಕೇಳುವವರು ಯಾರು? ಉಪ್ಪಿಟ್ಟು ತಿಂದರು, ಕಾಪಿ ಕುಡಿದರು, ಮುನಿಲಕ್ಷ್ಮಿಯನ್ನು ನಡೆಸಿ ನೋಡಿದರು. ಹುಡುಗನ ಅಮ್ಮ ದಪ್ಪ ಹೆಂಗಸು, ಚಾಪೆಯ ಮುಕ್ಕಾಲು ಭಾಗ ಅವರದೇ.

"ಒಂದು ಪದ ಏಳಮ್ಮ, ಕೇಳಾನ," ಅಂದರು.

"ಪದ ಬರಕ್ಕಿಲ್ಲಮ್ಮ. ಕಥೆ ಬತ್ತದೆ."

"ಏಳ್ಲಿ ಬುಡು, ಮೂಗಿ ಅಲ್ಲ ಅಂತಾನಾದ್ರೂ ಗೊತ್ತಾಗ್ಲಿ," ಅಂದ ಹುಡುಗನ ಅಪ್ಪ.

ಮುನಿಲಕ್ಷ್ಮಿ ಶುರು ಮಾಡಿದಳು. ಒಬ್ಬಳು ಮುದುಕಿ ಮಗಳ ಬಾಣಂತನಕ್ಕೆ ಹೊರಟಿದ್ದಾಳೆ. ಬುಟ್ಟಿಯಲ್ಲಿ ಕೋಳಿ ಬಚ್ಚಿಟ್ಟುಕೊಂಡು ರೈಲು ಹತ್ತಿದ್ದಾಳೆ. ಟಿಕೆಟ್ ಕೇಳುವವನು ಬಂದ. ಕೋಳಿ ಕೊಕ್ ಅಂದಿತು. ಮುದುಕಿ ಕೂಡಲೇ ತಾನೇ ಕೊಕ್ ಕೊಕ್ ಅಂತ ಕೆಮ್ಮಿ, "ದಗ್ಗು ನಾಯನಾ, ದಗ್ಗು" ಅಂತ ತೆಲುಗಿನಲ್ಲಿ ಎದೆ ಹಿಡಿದುಕೊಂಡಳು. ಮುನಿಲಕ್ಷ್ಮಿಯ ಕೆಮ್ಮು ಕೇಳಿ ಬಾಗಿಲಲ್ಲಿ ನಿಂತಿದ್ದ ಲೈನಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ಹೂಂ ಅನ್ನುತ್ತಲೇ ಇದ್ದೆ.

ಮುನಿಲಕ್ಷ್ಮಿಯ ಅಪ್ಪ ಗೋಡೆ ಗಡಿಯಾರ ನೋಡಿ, ನನ್ನ ಪಕ್ಕ ಕೂತಿದ್ದ ನನ್ನಮ್ಮನ ಕಡೆ ಕಣ್ಣು ಬಿಟ್ಟರು. ನನ್ನಮ್ಮ ನನ್ನ ತೊಡೆ ಚಿವುಟಿ, ಬಾಯಿಗೆ ಕೈ ಅಡ್ಡ ಹಿಡಿದರು. "ಬಾಯ್ಮುಚ್ಚೇ ಮುಂಡೇದೆ, ಒತ್ತಾಯ್ತದೆ."

ಹೂಂ ನಿಂತಿತು. ಕಥೆಯೂ ನಿಂತಿತು. ಮುನಿಲಕ್ಷ್ಮಿ ನನ್ನನ್ನೇ ನೋಡಿದಳು. ನಾನು ಅಮ್ಮನ ಕೈ ಕಚ್ಚಿದರೂ ಬಿಡಲಿಲ್ಲ. ಅವಳಪ್ಪ ತಾಂಬೂಲದ ತಟ್ಟೆ ಎತ್ತಿಕೊಂಡರು. ಮುಗಿಯಿತು ಅಂದುಕೊಂಡೆ.

ಆಗ ಚಾಪೆಯ ಮೇಲಿಂದ ಬಂತು ದಪ್ಪ ದನಿ. "ಹೂಂ! ಆಮೇಲೆ?"

ಹುಡುಗನ ಅಮ್ಮ! ತಟ್ಟೆಯ ಕಡೆ ನೋಡದೆ ಮುಂದಕ್ಕೆ ಬಾಗಿ ಕೂತಿದ್ದರು. ಮುನಿಲಕ್ಷ್ಮಿಗೆ ಇನ್ನೇನು ಬೇಕು? ಮುದುಕಿ ಬುಟ್ಟಿಯ ಮೇಲೆಯೇ ಕೂತಳು, ಕೆಳಗಿನಿಂದ ಕೋಳಿ ಕುಕ್ಕಿತು, ಮುದುಕಿ ಎಗರಿದಳು. ಪ್ರತಿ ಮಾತಿಗೂ ಆಯಮ್ಮ ಹೂಂ, ಹೂಂ. ಟಿಕೆಟಿನವನು ಬುಟ್ಟಿಯ ಮುಚ್ಚಳಕ್ಕೆ ಕೈ ಹಾಕಿದ ಅನ್ನುವಷ್ಟರಲ್ಲಿ ಗಣಿಯ ಮಧ್ಯಾಹ್ನದ ಸೈರನ್ ಕೂಗಿತು.

"ಲೇ, ರಾಹುಕಾಲ ಬಂದ್ಬುಡ್ತಲ್ಲೇ! ರೈಲೂ ಒಂಟೋಯ್ತದೆ!" ಅಂತ ಹುಡುಗನ ಅಪ್ಪ ಎದ್ದು ನಿಂತ.

"ಬರ್ಲಿ ಬುಡ್ರಿ. ಕೋಳಿ ಸಿಕ್ಕಾಕಂಡ್ತಾ ಇಲ್ವಾ, ಅದು ಏಳು ಪಾಪ!"

ಮುನಿಲಕ್ಷ್ಮಿ ಬಾಯಿ ಬಿಡಲಿಲ್ಲ. ಆಯಮ್ಮ ಗೊಣಗುತ್ತಲೇ ಚಪ್ಪಲಿ ಹಾಕಿಕೊಂಡು, ಬಾಗಿಲಲ್ಲಿ ತಿರುಗಿ ಹೇಳಿದರು. "ಇವಳ್ನ ಕರ್ಕೊಂಡೋದ್ರೆ ನಮ್ಮನೇಲಿ ಒಲೆ ಮೇಲೆ ಅನ್ನ ಸೀದೋಯ್ತದೆ, ದನ ಉಪವಾಸ ಬೀಳ್ತವೆ. ನಂಗೇ ಎದ್ದೋಗಕ್ಕೆ ಮನಸ್ಸು ಬರ್ತಿಲ್ಲ. ಓದ್ಲಿ ಬುಡಪ್ಪ." ನಗುತ್ತಲೇ ಹೋದರು.

ಅವಳಪ್ಪ ಸಂಜೆಯವರೆಗೂ ಜಗಲಿಯಲ್ಲಿ ಬೀಡಿ ಸೇದಿದರು. ಕೊನೆಗೆ ತಡೆಯಲಾರದೆ ಕೇಳಿದರು. "ಲೇ ಪಾಪ, ಆ ಟಿಕೆಟ್‌ನೋನು ಬುಟ್ಟಿ ತೆಗೆದ್ನಾ?"

"ಪರೀಕ್ಷೆ ಆದ್ಮೇಲೆ ಏಳ್ತೀನಪ್ಪ," ಅಂದಳು ಮುನಿಲಕ್ಷ್ಮಿ.

ಪರೀಕ್ಷೆಗೆ ಕೂತಳು, ಪಾಸಾದಳು. ಕೋಳಿಯ ಸಮಾಚಾರ ಮಾತ್ರ ಅವರಪ್ಪನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ, ಕಳ್ಳಿ. ಅವಳ ಕಾದಂಬರಿ ಒಂದನ್ನೂ ಬಿಡದೆ ಮೊಮ್ಮಗಳ ಕೈಲಿ ಓದಿಸಿದ್ದೇನೆ. ಎಲ್ಲೂ ಆ ಕೋಳಿ ಇಲ್ಲ.

ಮೊಮ್ಮಗಳು ಓದುವಾಗ ನಾನು ಹೂಂ ಅನ್ನುತ್ತೇನೆ. "ಪುಸ್ತಕಕ್ಕೆ ಯಾಕಜ್ಜಿ ಹೂಂ?" ಅಂತ ನಗುತ್ತಾಳೆ. ಓದುವುದು ನಿನ್ನ ಕೆಲಸ, ಓದು ಅನ್ನುತ್ತೇನೆ. ಈಗ ನನ್ನ ಬಾಯಿ ಮುಚ್ಚುವವರು ಯಾರೂ ಇಲ್ಲ.