ಗುಳ್ಳವ್ವನ ಕಣ್ಣು

ಮುಠಾ ನದಿಯ ದಂಡೆಯಿಂದ ಬುಟ್ಟಿ ತುಂಬ ಕರಿಮಣ್ಣು ತಂದರೂ ಯಾರೂ ಕೇಳದಿದ್ದ ಕಾಲ ಅದು. ಅಪ್ಪ ಪುಣೆಯ ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತ. ಒಂದೇ ಅಂಗಳದ ಸುತ್ತ ಹತ್ತಾರು ಬಾಡಿಗೆ ಮನೆಗಳಿದ್ದ ವಾಡೆಯಲ್ಲಿ ಕನ್ನಡದ ಮನೆ ನಮ್ಮದೊಂದೇ.

ಆಷಾಢದ ಮಂಗಳವಾರಗಳಂದು ಅಜ್ಜಿ ನಮ್ಮಿಂದ ಗುಳ್ಳವ್ವನನ್ನು ಮಾಡಿಸುತ್ತಿದ್ದಳು. ಧಾರವಾಡದ ಕಡೆ ಹುಡುಗಿಯರು ಮಣ್ಣಿನಲ್ಲಿ ಮಾಡಿ, ಕುಸುಬಿ ಕಾಳು ಒತ್ತಿ, ಮನೆಮನೆಗೆ ಒಯ್ದು ಹಾಡುವ ದೇವತೆ ಆಕೆ. ಕಣ್ಣಿಗೆ ಗುಲಗಂಜಿ. ಅಜ್ಜಿ ಊರಿಂದ ತಂದಿದ್ದ ಗುಲಗಂಜಿ ಆಕೆಯ ಎಲೆಸಂಚಿಯಲ್ಲಿರುತ್ತಿದ್ದವು; ಲವಂಗದ ವಾಸನೆ ಹಿಡಿದಿದ್ದವು. ಕಡೆಯ ಮಂಗಳವಾರ ಅಜ್ಜಿ ಆರಿಸಿದ ಗೊಂಬೆಗೆ ಕಣ್ಣು ಇಟ್ಟವಳೇ ಗುಳ್ಳವ್ವನನ್ನು ಹೊತ್ತು ಮುಂದೆ ನಡೆಯಬೇಕು. ಆ ವರ್ಷ ಆ ಕಣ್ಣು ನನ್ನವೆಂದು ನಾನು ನಂಬಿದ್ದೆ.

ಎದುರು ಮನೆಯ ಮರಾಠಿ ಹುಡುಗಿ ಕಾಶಿಯೂ ಮಣ್ಣು ಕಲಸಿ ತನ್ನದೊಂದು ಗೊಂಬೆ ಮಾಡಲು ಬರುತ್ತಿದ್ದಳು. ನಾನು ಅಂಗಳದಲ್ಲಿ ಹಾಡಲು ಬಾಯಿ ತೆರೆದರೆ ಹುಡುಗರು "ಕಾನಡೀ ಅಪ್ಪಾ!" ಎಂದು ನನ್ನ ಕನ್ನಡವನ್ನು ಅಣಕಿಸಿ ಕೂಗುತ್ತಿದ್ದರು. ನಾನು ಹಾಡು ಬಿಟ್ಟು ಒಳಗೆ ಓಡುತ್ತಿದ್ದೆ. ಅದೇ ಹಾಡನ್ನು ಕಾಶಿ ದೊಡ್ಡ ದನಿಯಲ್ಲಿ ಹಾಡಿದರೆ ಯಾರೂ ನಗುತ್ತಿರಲಿಲ್ಲ. "ವಾ, ಕಾಶೀ!" ಎನ್ನುತ್ತಿದ್ದರು.

ಅಜ್ಜಿಯ ಕಣ್ಣು ಮಂಜಾಗಿದ್ದವು. ಕಡೆಯ ಮಂಗಳವಾರ ಆಕೆ ನಮ್ಮಿಬ್ಬರ ಗೊಂಬೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದರ ಮೂಗು ಎಲ್ಲದ?"

"ಬಿತ್ತಜ್ಜಿ," ಅಂದೆ.

"ಗುಳ್ಳವ್ವಗ ನೆಗಡಿ ಬಂದಿತ್ತೇನ? ಮತ್ತ ಇದು ಯಾರದು?"

"ನಂದು, ಆಜೀ. ಬರೋಬರ್ ಅದ ಕಾ?" ಎಂದು ಕಾಶಿ ಮರಾಠಿ ಬೆರೆತ ಕನ್ನಡದಲ್ಲಿ, ಸರಿಯಿದೆಯೇ ಎಂದು ಕೇಳಿದಳು.

ಅಜ್ಜಿಯ ಬೆರಳು ಆ ಮುಖದ ಮೇಲೆ ಬಹಳ ಹೊತ್ತು ನಿಂತವು. "ನಮ್ಮವ್ವ ಮಾಡಿದ್ಹಂಗ ಅದ," ಎಂದು ಸಂಚಿ ಬಿಚ್ಚಿದಳು.

ನಮ್ಮ ಜೊತೆಗಿದ್ದ ಸೋದರತ್ತೆ ತಡೆದಳು: "ಅವ್ವಾ, ಆಕಿ ನಮ್ಮಾಕಿ ಅಲ್ಲ. ಮಾತು ಸೈತ ನೆಟ್ಟಗ ಬರಂಗಿಲ್ಲ."

"ಮಾತು ನಿಮಗೆಲ್ಲಾರಿಗೂ ಬರ್ತದ. ಹಾಡು ಯಾರಿಗೆ ಪೂರಾ ಬರ್ತದ, ಹೇಳ್ರಿ ನೋಡೂಣು."

ಅಜ್ಜಿ ಎರಡು ಗುಲಗಂಜಿ ಕಾಶಿಯ ಅಂಗೈಗೆ ಹಾಕಿದಳು. ಕಾಶಿ ಕಣ್ಣು ಇಟ್ಟಳು. ನಾನು ಅವಳ ಹಿಂದೆ ನಡೆದೆ. ಮನೆಗೆ ಬಂದಮೇಲೆ ಕೊಟ್ಟ ಸಿಹಿ ಮಾದಲಿಯನ್ನು ಪಕ್ಕಕ್ಕೆ ಸರಿಸಿದೆ. ಕಾಶಿ ಮಾತ್ರ ಬೆರಳು ನೆಕ್ಕುತ್ತ ಇನ್ನಷ್ಟು ಕೇಳಿದಳು.

ಮುಂದೆ ಕಾಶಿಯ ಮದುವೆಯಲ್ಲಿ ಅಜ್ಜಿ ಉಳಿದ ಗುಲಗಂಜಿಯನ್ನೆಲ್ಲ ಅವಳ ಉಡಿಗೆ ಹಾಕಿದಳು. ನಮ್ಮ ಮನೆಯ ಗುಳ್ಳವ್ವ ಅಜ್ಜಿಯೊಂದಿಗೇ ಹೋದಳು. ನನ್ನ ಮಕ್ಕಳಿಗೆ ಆ ಹೆಸರೂ ಗೊತ್ತಿಲ್ಲ.

ಮೊನ್ನೆ ಆಷಾಢದಲ್ಲಿ ಪುಣೆ ಹತ್ತಿರದ ಭೋರ್ ಊರಿನಲ್ಲಿರುವ ಕಾಶಿಯ ಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಗುಳ್ಳವ್ವ ಕೂತಿದ್ದಳು. ಅವಳ ಮೊಮ್ಮಕ್ಕಳು ಅರ್ಥ ತಿಳಿಯದೆ, ಒಂದು ಸಾಲೂ ಬಿಡದೆ, ನನ್ನ ಅಜ್ಜಿಯ ಹಾಡು ಹಾಡುತ್ತಿದ್ದರು. ನನಗೆ ಎರಡನೆಯ ನುಡಿಯಿಂದಾಚೆ ಬರಲಿಲ್ಲ. ಇಷ್ಟು ವಯಸ್ಸಾದಮೇಲೂ ಎದೆಯಲ್ಲಿ ಅದೇ ಉರಿ.

ಒಬ್ಬ ಹುಡುಗಿ ಎರಡು ಗುಲಗಂಜಿ ನನ್ನ ಅಂಗೈಯಲ್ಲಿಟ್ಟು ಮರಾಠಿಯಲ್ಲಿ, "ಮೊದಲು ಅತಿಥಿ ಅಜ್ಜಿ ಇಡಲಿ," ಅಂದಳು.

ಇಟ್ಟೆ. ಒಂದು ಕಣ್ಣು ತುಸು ಮೇಲಾಯಿತು. ಕಾಶಿ ನೋಡಿದಳು, ಹಾಗೇ ಬಿಟ್ಟಳು. ಮನೆಯ ಮಕ್ಕಳಾಗಿದ್ದರೆ ತಿದ್ದುತ್ತಿದ್ದಳು.