ಲಿಯೋ ಮಸ್ಕರೇನ್ಹಸರ ಬೋರನ್ ಹಿಂಡು

ಯೂರೋಪಿನ ತಳಿಯ ಮಾಂಸದ ದನವೊಂದನ್ನು ನೈರೋಬಿಯ ಹೊರಗಿನ ಬಯಲಿನಲ್ಲಿ ಸಾಕಲು ಹಿಂಡಿ ಬೇಕು, ನೆರಳು ಬೇಕು, ದಿನವೂ ನೀರು ಬೇಕು, ಉಣುಗಿಗೆ ಔಷಧಿ ಬೇಕು, ಕರು ಹಾಕುವಾಗ ಡಾಕ್ಟರ ಕೈ ಬೇಕು. ಬೋರನ್ ದನಕ್ಕೆ ಒಣಹುಲ್ಲು, ಒಂದಿಷ್ಟು ಉಪ್ಪು, ದಿನ ಬಿಟ್ಟು ದಿನ ನೀರು ಸಾಕು. ಈ ವೆಚ್ಚದ ಅಂತರವನ್ನು ಶ್ರೀ ಲಿಯೋ ಮಸ್ಕರೇನ್ಹಸ್ ಅವರಷ್ಟು ಬಲ್ಲವರು ಕೀನ್ಯಾದ ದನ ಸಾಕಣೆಯ ಕ್ಷೇತ್ರದಲ್ಲಿ ವಿರಳ.

ಬೋರನ್ ದನಗಳು ದಕ್ಷಿಣ ಇಥಿಯೋಪಿಯಾದ ಬೋರಾನಾ ಜನರೊಡನೆ ಉತ್ತರ ಕೀನ್ಯಾಕ್ಕೆ ನಡೆದುಬಂದವು. ಕಳೆದ ಶತಮಾನದ ಆರಂಭದಲ್ಲಿ ಬಿಳಿಯ ಜಮೀನ್ದಾರರು ಅವನ್ನು ಆಯ್ದು ಮಾಂಸದ ತಳಿಯಾಗಿ ತಿದ್ದಿದರು. ಎತ್ತರದ ಹಿಣಿಲು, ಜೋಲುವ ಗಂಗೆದೊಗಲು, ಬಿಳಿ ಇಲ್ಲವೆ ಕಂದು ರೋಮದಡಿ ಕಪ್ಪು ಚರ್ಮ, ಸಾಧು ಸ್ವಭಾವ. ಕರುವಿನ ಬಳಿ ಕತ್ತೆಕಿರುಬ ಸುಳಿದರೆ ಮಾತ್ರ ಹಿಂಡಿಗೆ ಹಿಂಡೇ ಕೊಂಬು ತಗ್ಗಿಸಿ ನಿಲ್ಲುತ್ತದೆ.

ಮಂಗಳೂರಿನಿಂದ ಬಂದು ನೈರೋಬಿಯ ಹೊರವಲಯದ ಕಿಟೆಂಗೆಲಾದ ಮಾಂಸದ ದನಗಳ ಕಂಪನಿಯೊಂದಕ್ಕೆ ಮೇಲ್ವಿಚಾರಕರಾಗಿ ಸೇರಿದ ಲಿಯೋ ಅವರು ದನದ ವಿದ್ಯೆಯನ್ನು ಮಸಾಯಿ ದನಗಾಹಿಗಳ ಹಿಂದೆ ನಡೆದು ಕಲಿತರು. ಅವರ ಕ್ರಮ ಕಠಿಣವಾಗಿತ್ತು. ಬೇಸಿಗೆಗೆಂದು ಬೇರೆ ಮೇವಿಲ್ಲ. ಬರದಲ್ಲಿ ಗಬ್ಬ ನಿಲ್ಲದ ಹಸು ಎಷ್ಟೇ ಚೆಂದವಿದ್ದರೂ ಕಸಾಯಿಖಾನೆಗೆ. ಕಂಪನಿಯ ಬೋರನ್ ಹಿಂಡು ಮೂರು ದಶಕ ಹೀಗೆ ಸೋಸಿ ಉಳಿಸಿದ್ದು. ಮನುಷ್ಯರ ವಿಷಯದಲ್ಲಿ ಆ ಕಾಠಿಣ್ಯವಿರಲಿಲ್ಲ. ಹಳ್ಳಗಳು ಬತ್ತಿದ ವರ್ಷ ನೆರೆಯ ಮಸಾಯಿಗಳ ದನಗಳಿಗೆ ಕಂಪನಿಯ ಕೊಳವೆಬಾವಿಯ ನೀರು ಬಿಟ್ಟು ಮೇಲಿನವರಿಂದ ಬೈಸಿಕೊಂಡರು, ಮರುದಿನವೂ ಬಿಟ್ಟರು.

ಏಳೆಂಟು ವರ್ಷಗಳ ಹಿಂದೆ, ದೊಡ್ಡ ಮಳೆ ಮುಗಿದು ಹುಲ್ಲು ಮೊಣಕಾಲೆತ್ತರ ಬೆಳೆದಿದ್ದ ಜೂನಿನಲ್ಲಿ, ನೈರೋಬಿಯ ಅಪ್ಪರ್ ಹಿಲ್‌ನಲ್ಲಿದ್ದ ಕಂಪನಿಯ ಕಚೇರಿಯಿಂದ ಹಣಕಾಸು ಮುಖ್ಯಸ್ಥ ಹೃಷಿಕೇಶ್ ಬಂದು ಬೋರನ್ ಕರುಗಳನ್ನೂ ಪಕ್ಕದ ಜಮೀನಿನ ಮಿಶ್ರತಳಿಯ ಕರುಗಳನ್ನೂ ತೂಗಿಸಿದರು. ಮಿಶ್ರತಳಿಯೇ ಹೆಚ್ಚು ತೂಗಿತು. ಬೋರನ್ ಹೋರಿಗಳನ್ನು ಮಾರಿ, ಹಸುಗಳಿಗೆಲ್ಲ ಯೂರೋಪಿನ ತಳಿಯ ವೀರ್ಯ ಕೊಡಿಸುವುದೆಂದು ಅಲ್ಲೇ ಹೇಳಿದರು.

“ನೀವು ಈಗ ತೂಗಿದ್ದು ಹುಲ್ಲನ್ನು ಮಾರಾಯ್ರೆ,” ಎಂದರು ಲಿಯೋ. “ಹುಲ್ಲು ಒಣಗಿದ ಮೇಲೆ, ಅಕ್ಟೋಬರಿಗೆ ಬನ್ನಿ. ಆಗ ದನವನ್ನು ತೂಗುವ.”

“ಲಿಯೋ ಸರ್, ಡೇಟಾ ಕ್ಲಿಯರ್ ಆಗಿದೆ. ನೀವು ಸ್ವಲ್ಪ ಎಮೋಷನಲ್ ಆಗ್ತಿದೀರ ಅಷ್ಟೇ. ಅಕ್ಟೋಬರ್ ತನಕ ಬೋರ್ಡ್ ಕಾಯಲ್ಲ.”

ಬೋರ್ಡ್ ಕಾಯಲಿಲ್ಲ. ಹೋರಿಗಳು ಹೋದವು, ಮಿಶ್ರತಳಿಯ ಕರುಗಳು ಹುಟ್ಟಿ ಬೆಳೆದವು. ಆಮೇಲೆ ಮಳೆ ಸಾಲಾಗಿ ಕೈಕೊಟ್ಟಾಗ ಅವು ನಿಂತಲ್ಲೇ ಕುಸಿದವು. ಅವಕ್ಕೆ ಹೊರಗಿನಿಂದ ಮೇವು ಕೊಳ್ಳಲೆಂದು, ಇನ್ನೂ ಗಟ್ಟಿಯಾಗಿ ನಿಂತಿದ್ದ ಹಳೆಯ ಬೋರನ್ ಹಸುಗಳನ್ನು ಕಂಪನಿ ಕಸಾಯಿಖಾನೆಗೆ ಮಾರಿತು. ಕೆಲಸ ಬಿಟ್ಟುಬಿಡಿ ಎಂದು ನೈರೋಬಿಯ ಸೌತ್ ಸಿ ಬಡಾವಣೆಯ ಮನೆಯಲ್ಲಿ ಪತ್ನಿ ಕ್ಲೋಟಿಲ್ಡಾ ಬೇಡಿಕೊಂಡರು. ಬಿದ್ದದ್ದನ್ನು ಎಬ್ಬಿಸಲು ಯಾರಾದರೂ ಬೇಕಲ್ಲ ಎಂದು ಲಿಯೋ ದಿನವೂ ಹೋದರು. ಹೃಷಿಕೇಶ್ ಅವರಿಗೆ ಬಡ್ತಿಯಾಗಿ ಬೇರೆ ದೇಶಕ್ಕೆ ವರ್ಗವಾಯಿತು.

ನಿವೃತ್ತರಾದ ಲಿಯೋ ಅವರು ಈಗಲೂ ಬಾಡಿಗೆ ವ್ಯಾನು ಮಟಾಟು ಹತ್ತಿ ಕಾಜಿಯಾಡೋಗೆ ಹೋಗಿ, ಸಣ್ಣ ಸಾಕಣೆದಾರರಿಗೆ ಹೋರಿ ಆರಿಸಿಕೊಡುತ್ತಾರೆ. ಅವರಿಗೆ ದೀರ್ಘಾಯುಷ್ಯವಿರಲಿ, ಆ ಓಡಾಟಕ್ಕೆ ಕಾಲಿನಲ್ಲಿ ಬಲವಿರಲಿ. ನಮ್ಮ ಅಭಿನಂದನೆಯಿಂದ ಆ ಹಿಂಡಿನ ನಷ್ಟ ತುಂಬುವುದಿಲ್ಲ. ಬರವೇ ಆರಿಸಿಕೊಟ್ಟಿದ್ದ ಆ ತಾಯಿಹಸುಗಳ ಶುದ್ಧ ಸಂತತಿ ಇಂದು ಎಲ್ಲಿಯೂ ಇಲ್ಲ, ಕೊಳ್ಳಹೊರಟರೂ ಸಿಗುವುದಿಲ್ಲ.