ಬಂದೀನ್ರಿ, ಅದೀನ್ರಿ

ನಮ್ಮ ಕಾಲೇಜಿನಲ್ಲಿ ಹಾಜರಿ ಕೂಗಿದಾಗ ‘ಯೆಸ್ ಸರ್’ ಅನ್ನುವವರು ಕಡಿಮೆ. ‘ಬಂದೀನ್ರಿ’ ಅನ್ನುತ್ತಾರೆ. ಮನೆ ಬಿಟ್ಟು, ಬಸ್ಸು ಹಿಡಿದು, ಬಂದು ಕೂತಿದ್ದೇನೆ ಎಂದು ಅದರ ಅರ್ಥ. ನನಗೆ ಒಪ್ಪಿಗೆಯಾದ ಮಾತು.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ನಮ್ಮ ಗಂಗಾವತಿಯ ಕಾಲೇಜಿಗೂ ಹೊಸ ಪದ್ಧತಿ ಬಂತು. ಬುಧವಾರದವರೆಗೆ ತರಗತಿಯಲ್ಲಿ ಪಾಠ, ಆಮೇಲೆ ಆನ್‌ಲೈನ್. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮಂಡಕ್ಕಿಗೆ ಎಲ್ಲ ಕಲಸಿದ ಗಿರ್ಮಿಟ್ಟಿನ ಹಾಗಿದೆ ಎಂದು ಗೇಟಿನ ಜವಾನ ‘ಗಿರ್ಮಿಟ್ ಕ್ಲಾಸ್’ ಅಂದ, ಅದೇ ಉಳಿಯಿತು.

ಮನೆಯಿಂದಲೇ ಪಾಠ ಹೇಳಬಹುದಿತ್ತು. ಆದರೆ ಗಂಟೆ ಹೊಡೆಯದ ಜಾಗದಲ್ಲಿ ನನಗೆ ಪಾಠ ಶುರುಮಾಡಲು ಬಾರದು. ಇಸ್ತ್ರಿ ಅಂಗಿ ತೊಟ್ಟು ಕಾಲೇಜಿಗೆ ಬಂದು, ಖಾಲಿ ಬೆಂಚುಗಳ ಎದುರು ಕಂಪ್ಯೂಟರ್ ಇಟ್ಟುಕೊಂಡು ನಿಲ್ಲುತ್ತಿದ್ದೆ. ಮೊದಲ ಗುರುವಾರ ಹಾಜರಿ ಕೂಗಿದರೆ ಒಬ್ಬ ಹುಡುಗ ಹೊದ್ದುಕೊಂಡ ಕೌದಿಯೊಳಗಿಂದಲೇ ‘ಬಂದೀನ್ರಿ’ ಅಂದ.

“ಎಲ್ಲಿಗೆ ಬಂದೀಯಪಾ?”

“ಮನ್ಯಾಗ ಅದೀನ್ರಿ ಸರ್.”

“ಹಂಗಾರ ಬಂದಿಲ್ಲ. ಅದೀನಿ ಅನ್ನು.”

ಅಂದಿನಿಂದ ನಿಯಮ ಮಾಡಿದೆ: ತರಗತಿಯಲ್ಲಿ ‘ಬಂದೀನ್ರಿ’, ಆನ್‌ಲೈನಿನಲ್ಲಿ ‘ಅದೀನ್ರಿ’, ಅಂದರೆ ಇದ್ದಲ್ಲೇ ಇದ್ದೇನೆ ಎಂದು. ಎಲ್ಲರೂ ಕಲಿತರು. ಹುಲಿಹೈದರದ ಕಡೆಯ ಒಬ್ಬ ಹುಡುಗಿ ಮಾತ್ರ ಕಲಿಯಲಿಲ್ಲ. ಅವರ ಹೊಲದ ಮನೆಯಲ್ಲಿ ಸಿಗ್ನಲ್ ಇಲ್ಲದೆ ಅವಳ ಹಾಜರಿ ತಳಕ್ಕೆ ಇಳಿದಿತ್ತು. ಇನ್ನೊಂದು ಕ್ಲಾಸು ತಪ್ಪಿದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಆಫೀಸಿನವರು ಹೇಳಿದ್ದರು. ಆ ಗುರುವಾರ ಅವಳ ಹೆಸರು ಕೂಗಿದೆ.

“ಬಂದೀನ್ರಿ.”

“ಅದೀನಿ ಅನ್ನವಾ.”

“ಬಂದೀನ್ರಿ ಸರ್.”

ಸಿಟ್ಟು ಬಂತು. ಇನ್ನೇನು ಗದರಬೇಕು, ಗೇಟಿನ ಕಬ್ಬಿಣದ ಬಾಗಿಲು ಕಿರ್ರೆಂದಿತು. ಕಿಟಕಿಯಿಂದ ಒಮ್ಮೆ, ಕಂಪ್ಯೂಟರಿನಿಂದ ಇನ್ನೊಮ್ಮೆ ಕೇಳಿಸಿತು. ಕಿಟಕಿಗೆ ಹೋಗಿ ನೋಡಿದೆ. ಗೇಟಿನ ಹೊರಗೆ, ಬೇವಿನ ಗಿಡದ ಬುಡದಲ್ಲಿ ಫೋನು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಬುತ್ತಿಚೀಲ.

ಇಳಿದು ಹೋದೆ.

“ಒಳಗ ಯಾಕ ಬರಲಿಲ್ಲ?”

“ಗೇಟಿನ ಕಾಕಾ ಬಿಡವಲ್ರು ರೀ. ಫೋನ್ ಚಾರ್ಜ್ ಮುಗಿಯಾಕ ಬಂದೈತ್ರಿ. ಬಂದ್ ಆದ್ರ ಇವತ್ತಿಂದೂ ಹೋಗತೈತ್ರಿ.”

ಜವಾನ ಅಡ್ಡ ನಿಂತ. “ಆನ್‌ಲೈನ್ ದಿನ ಹುಡುಗರನ್ನ ಒಳಗ ಬಿಡಬ್ಯಾಡಂತ ಆರ್ಡರ್ ಐತ್ರಿ.”

“ಕಲಿಸಾಂವ ಒಳಗ, ಕಲಿಯಾಕಿ ಹೊರಗ. ಇದೆಂಥಾ ಆರ್ಡರಪಾ?”

“ಗಿರ್ಮಿಟ್ ಆರ್ಡರ್ ರೀ,” ಅಂದ. ನಗಲೂ ಇಲ್ಲ. ನಾನು ಅವಳನ್ನು ಮುಂದೆ ಬಿಟ್ಟುಕೊಂಡು ನಡೆದೆ. ಅವನು ರಸ್ತೆಯ ಕಡೆ ತಿರುಗಿ ನಿಂತ.

ಮೊದಲ ಬೆಂಚಿನಲ್ಲಿ ಕೂಡಿಸಿ, ಪಾಠ ಮುಂದುವರಿಸೋಣವೆಂದು ಕಂಪ್ಯೂಟರ್ ನೋಡಿದರೆ ಅವಳ ಹೆಸರಿನ ಮುಂದೆ ಗೈರುಹಾಜರಿ. ನಡೆದು ಬರುವಾಗ ಫೋನು ಬಂದ್ ಆಗಿತ್ತು. ಕಣ್ಣೆದುರು ಕೂತ ಹುಡುಗಿಯನ್ನು ಹಾಜರಿ ಎಂದು ಬರೆಯಲು ಆ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಫೋನಿನಿಂದ ಬಂದವರು ಮಾತ್ರ ಅದಕ್ಕೆ ಮನುಷ್ಯರು. ನನ್ನದೇ ಚಾರ್ಜರ್ ಕೊಟ್ಟು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಫೋನು ಜೀವ ಹಿಡಿಯುವವರೆಗೆ ಅಂದಿನ ಪಾಠವಾದ ಇಟಗಿಯ ಗುಡಿಯ ಕಂಬಗಳನ್ನು ಅರ್ಧಕ್ಕೇ ನಿಲ್ಲಿಸಿ ಕಾದೆವು. ಆಮೇಲೆ ಮತ್ತೆ ಹೆಸರು ಕೂಗಿದೆ.

“ಬಂದೀನ್ರಿ,” ಎಂದಳು ನನ್ನ ಮುಖ ನೋಡಿ.

“ಫೋನಿಗೂ ಹೇಳವಾ.”

“ಅದೀನ್ರಿ.”

ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದಿನ ಗುರುತು ಹಸಿರಾಯಿತು. ಅಷ್ಟರಲ್ಲಿ ಕೌದಿಯೊಳಗಿನ ಹುಡುಗ ಬಾಯಿ ತೆರೆದ. “ಸರ್, ಆಕಿ ದನಿ ಎರಡೆರಡು ಸಲ ಕೇಳಾಕತ್ತೈತ್ರಿ.”

“ಆಕಿ ಎರಡು ಸಲ ಬಂದಾಳ,” ಅಂದೆ. “ನೀ ಒಮ್ಮೆರ ಏಳು.”